ಎಂಟನೆಯ ನಂಬರಿನ ಗ್ರಿಸ್‌ವೋಲ್ಡ್ ಸ್ಕಿಲ್ಲೆಟ್: ಒಂದು ಪ್ರಕರಣ ಅಧ್ಯಯನ

ಅಮೆರಿಕದ ಒಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ಬಳಿ ನೆಲೆಸಿರುವ, ಮೂಲತಃ ಶಿವಮೊಗ್ಗ ಕಡೆಯ ಕುಟುಂಬವೊಂದು ಪಕ್ಕದ ಪೆನ್ಸಿಲ್ವೇನಿಯಾ ರಾಜ್ಯದ ಈರಿ ನಗರದ ಹೊರವಲಯದಲ್ಲಿ ನಡೆದ ಎಸ್ಟೇಟ್ ಸೇಲ್ ಒಂದರಲ್ಲಿ, ಎಂದರೆ ಹಿರಿಯರು ತೀರಿಕೊಂಡ ಮೇಲೆ ಮನೆಯ ಸಾಮಾನುಗಳನ್ನೆಲ್ಲ ಬೆಲೆ ಕಟ್ಟಿ ಮಾರುವ ಸಂತೆಯಲ್ಲಿ, ಬೀಡು ಕಬ್ಬಿಣದ ಹಳೆಯ ಸ್ಕಿಲ್ಲೆಟ್ ಒಂದನ್ನು, ಎಂದರೆ ಹಿಡಿಯಿರುವ ಅಗಲ ಬಾಣಲೆಯನ್ನು, ಕೊಂಡಿತು. ಅಕ್ಕಿರೊಟ್ಟಿಗೂ ದೋಸೆಗೂ ಆದೀತೆಂಬುದು ಮನೆಯೊಡತಿಯ ಲೆಕ್ಕಾಚಾರವಾಗಿತ್ತು. ಕೊಂಡು ತಂದಾಗ ಅದರ ಹೊರಮೈಮೇಲೆ ದಶಕಗಳ ಜಿಡ್ಡು ಸುಟ್ಟು ಗಟ್ಟಿಯಾದ ಕಪ್ಪು ಕಿಟ್ಟ ಕೆಲವೆಡೆ ಎರಡು ಮೂರು ಮಿಲಿಮೀಟರ್ ದಪ್ಪಕ್ಕೆ ಕೂತಿತ್ತು. ಒಳಗಡೆ ತಳದ ಅರ್ಧ ಭಾಗ ಕಿತ್ತಳೆ ಬಣ್ಣದ ತುಕ್ಕಿನಿಂದ ಮುಚ್ಚಿತ್ತು. ತಳದ ಹಿಂಭಾಗದಲ್ಲಿ ಏನೋ ಅಕ್ಷರಗಳಿವೆ ಎಂಬುದು ಬೆರಳಿಗೆ ತಿಳಿಯುತ್ತಿತ್ತೇ ಹೊರತು ಕಣ್ಣಿಗೆ ಓದಲಾಗುತ್ತಿರಲಿಲ್ಲ.

ಇಂತಹ ಪಾತ್ರೆಗಳನ್ನು ಗುರುತಿಸಿ, ಶುಚಿ ಮಾಡಿ, ಮತ್ತೆ ಅಡುಗೆಗೆ ಒದಗಿಸುವ ಹವ್ಯಾಸ ನನ್ನದು ಎಂಬ ಕಾರಣಕ್ಕೆ ಅದು ನನ್ನಲ್ಲಿಗೆ ಬಂದಿತು. ಬರುವ ಮುನ್ನವೇ ಕುಟುಂಬಕ್ಕೆ ಮೂರು ಸಲಹೆಗಳು ಸಿಕ್ಕಿದ್ದವು: ವರ್ಕ್‌ಶಾಪಿಗೆ ಕೊಟ್ಟು ಗ್ರೈಂಡರ್ ಹಿಡಿಸುವುದು, ಮರಳು ಚಿಮ್ಮಿಸಿ ಉಜ್ಜಿಸುವುದು, ಇಲ್ಲವೇ ಒವನ್ ತನ್ನೊಳಗನ್ನು ತಾನೇ ಶುಚಿ ಮಾಡಿಕೊಳ್ಳಲು ಏರಿಸುವ ಸೆಲ್ಫ್ ಕ್ಲೀನ್ ಶಾಖಕ್ಕೆ ಇಟ್ಟು ಕಿಟ್ಟವನ್ನು ಸುಟ್ಟು ಬೂದಿ ಮಾಡುವುದು. "ಗ್ರೈಂಡರ್ ಹಾಕಿಸಿಬಿಟ್ಟರೆ ಹೊಸದರ ಹಾಗೆ ಆಗುವುದಿಲ್ಲವೇ, ಅಣ್ಣಾ?" ಎಂದು ಮನೆಯೊಡತಿ ಕೇಳಿದ್ದು ಸಹಜವಾಗಿಯೇ ಇತ್ತು. ಮೂರೂ ಸಲಹೆಗಳು ಈ ಪಾತ್ರೆಗೆ ಏಕೆ ಒಗ್ಗುವುದಿಲ್ಲ ಎಂಬುದನ್ನು ಹೇಳಬೇಕಾದರೆ, ಅದು ಯಾವ ಕಾಲದ್ದು, ಹೇಗೆ ತಯಾರಾದದ್ದು ಎಂಬುದು ಮೊದಲು ಗೊತ್ತಾಗಬೇಕು. ಹೀಗಾಗಿ ಗುರುತಿಸುವ ಕೆಲಸವನ್ನು ಶುಚಿ ಮಾಡುವ ಕೆಲಸಕ್ಕಿಂತ ಮುಂಚೆ ಇಟ್ಟುಕೊಂಡೆ. ಈ ಕ್ರಮವನ್ನು ತಲೆಕೆಳಗು ಮಾಡಿದವರ ಕೈಯಲ್ಲಿ ಒಳ್ಳೆಯ ಪಾತ್ರೆಗಳು ಹಾಳಾಗಿರುವುದನ್ನು ಕಂಡಿದ್ದೇನೆ.

ಕಿಟ್ಟದ ಅಡಿಯ ಅಕ್ಷರ

ಕಿಟ್ಟವನ್ನು ಮುಟ್ಟದೆಯೇ ಹಲವು ಸಂಗತಿಗಳನ್ನು ತಿಳಿಯಬಹುದು. ಹಿಡಿಯ ಮೇಲ್ಮೈಯಲ್ಲಿ 8 ಎಂಬ ಅಂಕಿ ಇತ್ತು. ಇದು ಇಂಚಿನ ಅಳತೆಯಲ್ಲ. ಸೌದೆ ಮತ್ತು ಕಲ್ಲಿದ್ದಲಿನ ಬೀಡಿನ ಒಲೆಗಳ ಮೇಲೆ ಮುಚ್ಚಳ ತೆಗೆದು ಪಾತ್ರೆ ಕೂರಿಸುವ ದುಂಡನೆಯ ಬಾಯಿಗಳಿರುತ್ತಿದ್ದು, ಆ ಬಾಯಿಗಳ ಗಾತ್ರಕ್ಕೆ ನಂಬರುಗಳಿರುತ್ತಿದ್ದವು. ಪಾತ್ರೆಯ ನಂಬರು ಅದಕ್ಕೆ ಹೊಂದುವಂತೆ ಇಡಲಾದದ್ದು. ಎಂಟನೆಯ ನಂಬರಿನ ಸ್ಕಿಲ್ಲೆಟ್ಟಿನ ಮೇಲಂಚಿನ ಅಗಲ ಸುಮಾರು ಹತ್ತೂವರೆ ಇಂಚು. ನಮ್ಮದೂ ಅಷ್ಟೇ ಇತ್ತು. ತಳದ ಹೊರ ಅಂಚಿನಲ್ಲಿ ಸುತ್ತಲೂ ತೆಳುವಾಗಿ ಎದ್ದು ನಿಂತ ಒಂದು ಉಂಗುರವೂ ಕೈಗೆ ತಾಗುತ್ತಿತ್ತು. ಒಲೆಯ ಬಾಯಿಯ ಮೇಲೆ ಪಾತ್ರೆ ಅಲುಗದಂತೆ ಕೂರಲೆಂದು ಇಟ್ಟ ಉಂಗುರವಿದು. ಗ್ಯಾಸ್ ಮತ್ತು ವಿದ್ಯುತ್ ಒಲೆಗಳು ಮನೆಮನೆಗೆ ಬಂದ ಮೇಲೆ ಇದರ ಅಗತ್ಯ ಕಡಿಮೆಯಾಗಿ, ತಯಾರಕರು ಕ್ರಮೇಣ ತಳವನ್ನು ಸಪಾಟಾಗಿಸಿದರು. ಉಂಗುರವಿರುವುದು ಪಾತ್ರೆ ಹಳೆಯ ಮಾದರಿಯದೆಂಬುದಕ್ಕೆ ಒಂದು ಸುಳಿವಾದರೂ, ಕೆಲವು ತಯಾರಕರು ಬಹಳ ವರ್ಷಗಳವರೆಗೆ ಅದನ್ನು ಬಿಡಲಿಲ್ಲವಾದ್ದರಿಂದ ಅದೊಂದರಿಂದಲೇ ಕಾಲ ನಿರ್ಧರಿಸಲಾಗದು.

ಅಕ್ಷರಗಳನ್ನು ಓದಲು ತೆಳುವಾದ ಕಾಗದವನ್ನು ತಳದ ಮೇಲೆ ಹರಡಿ, ಮೆತ್ತನೆಯ ಪೆನ್ಸಿಲನ್ನು ಅಡ್ಡ ಹಿಡಿದು ಹಗುರವಾಗಿ ಉಜ್ಜಿದೆ. ಕೋಣೆಯ ದೀಪ ಆರಿಸಿ, ಟಾರ್ಚನ್ನು ತಳದ ಮಟ್ಟಕ್ಕೆ ಓರೆಯಾಗಿ ಹಿಡಿದು ನೋಡಿದರೆ ಉಳಿದದ್ದು ಕಾಣುತ್ತದೆ. ಎರಡು ವೃತ್ತಗಳು, ಒಳವೃತ್ತದೊಳಗೆ ಒಂದು ಶಿಲುಬೆಯ ಆಕಾರ, ಅದರ ಅಡ್ಡ ತೋಳಿನಲ್ಲಿ ನೇರವಾದ ದಪ್ಪ ಅಕ್ಷರಗಳಲ್ಲಿ ಗ್ರಿಸ್‌ವೋಲ್ಡ್ ಎಂಬ ಹೆಸರು, ಕೆಳಗೆ ಈರಿ, ಪೆನ್ಸಿಲ್ವೇನಿಯಾ ಎಂಬ ಊರು, ಅದಕ್ಕೂ ಕೆಳಗೆ 704 ಎಂಬ ಅಂಕಿ. ಎಂಟನೆಯ ನಂಬರಿನ ಸ್ಕಿಲ್ಲೆಟ್ಟಿಗೆ ಗ್ರಿಸ್‌ವೋಲ್ಡ್ ಕಾರ್ಖಾನೆ ಕೊಟ್ಟಿದ್ದ ಪ್ಯಾಟರ್ನ್ ಅಂಕಿ ಅದೇ. ಮರಳಿನ ಅಚ್ಚು ಒತ್ತಲು ಬಳಸುವ ಮೂಲ ಮಾದರಿಗೆ ಪ್ಯಾಟರ್ನ್ ಎನ್ನುತ್ತಾರೆ; ಹಿಡಿಯ ಅಂಕಿಯೂ ಪ್ಯಾಟರ್ನ್ ಅಂಕಿಯೂ ಪರಸ್ಪರ ತಾಳೆಯಾಗುವುದು ಗುರುತಿನ ಮೊದಲ ದೃಢೀಕರಣ.

ಗ್ರಿಸ್‌ವೋಲ್ಡ್ ಕಾರ್ಖಾನೆಯ ಮೂಲ 1865ರಲ್ಲಿ ಈರಿಯಲ್ಲಿ ಸೆಲ್ಡನ್ ಮತ್ತು ಗ್ರಿಸ್‌ವೋಲ್ಡ್ ಮನೆತನದವರು ಕೂಡಿ ಬಾಗಿಲ ಕೀಲು ಮೊದಲಾದ ಕಬ್ಬಿಣದ ಸಾಮಾನು ತಯಾರಿಸಲು ಆರಂಭಿಸಿದ ಉದ್ಯಮದಲ್ಲಿದೆ. ಅಡುಗೆ ಪಾತ್ರೆಗಳಿಂದ ಅದಕ್ಕೆ ದೇಶದಾದ್ಯಂತ ಹೆಸರು ಬಂದದ್ದು ಆಮೇಲೆ. 1957ರಲ್ಲಿ ಈರಿಯ ಕಾರ್ಖಾನೆ ಮುಚ್ಚಿತು. ಹೆಸರಿನ ಹಕ್ಕು ಒಹಾಯೋದ ಸಿಡ್ನಿ ಎಂಬ ಊರಿನ ಪ್ರತಿಸ್ಪರ್ಧಿ ವ್ಯಾಗ್ನರ್ ಕಾರ್ಖಾನೆಯ ಕಡೆಗೆ ಹೋಯಿತು. ಅಲ್ಲಿಂದ ಮುಂದೆ ಗ್ರಿಸ್‌ವೋಲ್ಡ್ ಹೆಸರಿನಲ್ಲೇ ಸಿಡ್ನಿಯಲ್ಲಿ ಎರಕವಾದ ಪಾತ್ರೆಗಳೂ ಮಾರುಕಟ್ಟೆಗೆ ಬಂದವು, ಆದರೆ ಅವುಗಳ ಮೇಲೆ ಈರಿಯ ಹೆಸರಿಲ್ಲ. ಆದ್ದರಿಂದ ಊರಿನ ಹೆಸರು ಸ್ಪಷ್ಟವಾಗಿ ಮೂಡಿದ್ದರಿಂದಲೇ ನಮ್ಮ ಪಾತ್ರೆ 1957ಕ್ಕಿಂತ ಹಿಂದಿನದು ಎಂದು ಹೇಳಬಹುದಾಯಿತು. ಇನ್ನೂ ಹತ್ತಿರದ ಕಾಲಕ್ಕೆ ಮುದ್ರೆಯ ಶೈಲಿಯನ್ನೇ ನೋಡಬೇಕು. ಆರಂಭದ ಸ್ಕಿಲ್ಲೆಟ್ಟುಗಳಲ್ಲಿ ಈರಿ ಎಂಬ ಒಂದೇ ಪದವಿರುತ್ತದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ವೃತ್ತದೊಳಗೆ ಓರೆ ಅಕ್ಷರದ ಹೆಸರು ಬರುತ್ತದೆ. 1920 ಮತ್ತು 1930ರ ದಶಕಗಳಲ್ಲಿ ನೇರ ಅಕ್ಷರದ ದೊಡ್ಡ ಮುದ್ರೆ. ಸುಮಾರು 1940ರಿಂದ ಕಾರ್ಖಾನೆ ಮುಚ್ಚುವವರೆಗೆ ಅದೇ ಮುದ್ರೆಯ ಚಿಕ್ಕ ರೂಪ. ದೊಡ್ಡ ಮುದ್ರೆ ಮತ್ತು ತಳದ ಉಂಗುರ ಎರಡೂ ಒಟ್ಟಿಗೆ ಇರುವುದರಿಂದ ಈ ಪಾತ್ರೆಯನ್ನು ಆ ಎರಡು ದಶಕಗಳ ಮೊದಲ ಭಾಗಕ್ಕೆ ಸೇರಿಸುವುದು ಸೂಕ್ತವೆಂದು ನನಗೆ ತೋರಿತು. ಅದಕ್ಕಿಂತ ನಿಖರವಾದ ವರ್ಷವನ್ನು ಮುದ್ರೆಯಿಂದ ಹೇಳುವವರ ಮಾತನ್ನು ನಾನು ನಂಬುವುದಿಲ್ಲ.

ಉಳಿದಿದ್ದ ಪ್ರಶ್ನೆ ಇದು ಅಸಲಿಯೋ ನಕಲಿಯೋ ಎಂಬುದು. ಅಸಲಿ ಪಾತ್ರೆಯನ್ನೇ ಪ್ಯಾಟರ್ನ್ ಆಗಿ ಬಳಸಿ ಮರಳಿನಲ್ಲಿ ಅಚ್ಚೊತ್ತಿ ಮತ್ತೆ ಎರಕ ಹೊಯ್ದ ನಕಲುಗಳು ಚಲಾವಣೆಯಲ್ಲಿವೆ. ಎರಕ ಹೊಯ್ದ ಬೀಡು ಕಬ್ಬಿಣ ಗಟ್ಟಿಯಾಗಿ ತಣಿಯುವಾಗ ಸರಿಸುಮಾರು ನೂರಕ್ಕೆ ಒಂದರಷ್ಟು ಕುಗ್ಗುತ್ತದೆ. ಆದ್ದರಿಂದ ಇಂತಹ ನಕಲು ಅಸಲಿಗಿಂತ ತುಸು ಚಿಕ್ಕದಾಗುತ್ತದೆ. ಹತ್ತೂವರೆ ಇಂಚಿನ ಪಾತ್ರೆಯಲ್ಲಿ ಎರಡೂವರೆ ಮಿಲಿಮೀಟರಿಗೂ ಸ್ವಲ್ಪ ಹೆಚ್ಚು ವ್ಯತ್ಯಾಸ ಬರುತ್ತದೆ. ಅಕ್ಷರಗಳ ಅಂಚು ಮೊಂಡಾಗಿರುತ್ತದೆ, ಮೈ ಮರಳುಮರಳಾಗಿರುತ್ತದೆ, ತೂಕ ಹೆಚ್ಚಿರುತ್ತದೆ. ನಮ್ಮ ಪಾತ್ರೆಯ ಅಳತೆ ಸರಿಯಿತ್ತು, ಪೆನ್ಸಿಲ್ ಉಜ್ಜಿದ ಕಾಗದದಲ್ಲಿ ಅಕ್ಷರಗಳ ಮೂಲೆಗಳು ಚೂಪಾಗಿಯೇ ಇಳಿದಿದ್ದವು, ಕಿಟ್ಟವೂ ಸೇರಿ ತೂಕ ಎರಡು ಕಿಲೋಗೆ ಸ್ವಲ್ಪವೇ ಮೇಲಿತ್ತು. ಹೆಚ್ಚುಕಡಿಮೆ ಇದೇ ಅಗಲದ ಇಂದಿನ ಲಾಡ್ಜ್ ಕಂಪನಿಯ ಸ್ಕಿಲ್ಲೆಟ್ ಇದಕ್ಕಿಂತ ಗಣನೀಯವಾಗಿ ಭಾರವಾಗಿರುತ್ತದೆ.

ಈ ತೂಕದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಗ್ರೈಂಡರಿನ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಆ ಕಾಲದ ಈರಿಯ ಎರಕಗಾರರು ನಯವಾದ ಮರಳಿನಲ್ಲಿ ಅಚ್ಚೊತ್ತಿ ಗೋಡೆಯನ್ನು ತೆಳ್ಳಗೆ ಎರಕ ಹೊಯ್ಯುತ್ತಿದ್ದರು. ಹೊರತೆಗೆದ ಪಾತ್ರೆಯ ಒಳಮೈಯನ್ನು ಕಾರ್ಖಾನೆಯಲ್ಲಿಯೇ ಉಜ್ಜಿ ನುಣುಪು ಮಾಡಿ ಕಳಿಸುತ್ತಿದ್ದರು. ಒಳಮೈಯಲ್ಲಿ ಬೆಳಕು ಬಿದ್ದಾಗ ಕಾಣುವ ಕೂದಲೆಳೆಯಂತಹ ವೃತ್ತಾಕಾರದ ಗೆರೆಗಳು ಆ ಉಜ್ಜುವಿಕೆಯ ಗುರುತುಗಳು. ಈ ನುಣುಪಿನಿಂದಾಗಿಯೇ ಮೊಟ್ಟೆಯಾಗಲಿ ದೋಸೆಯಾಗಲಿ ಅಂಟದೆ ಏಳುತ್ತದೆ. ಗ್ರೈಂಡರ್ ಹಿಡಿದರೆ ಮೊದಲು ಹೋಗುವುದು ಆ ಮೈಯೇ. ತೆಳ್ಳಗಿನ ಗೋಡೆ ಇನ್ನೂ ತೆಳ್ಳಗಾಗಿ ಒಂದೆಡೆ ಹೆಚ್ಚು ಒಂದೆಡೆ ಕಡಿಮೆ ಕಾಯುವ ಪಾತ್ರೆ ಉಳಿಯುತ್ತದೆ. ಮರಳು ಚಿಮ್ಮಿಸಿದರೆ ಮೈಯೆಲ್ಲ ಸೂಜಿಮೊನೆಯ ಗುಣಿಗಳಾಗಿ, ಹಿಂದಿನವರು ಶ್ರಮಪಟ್ಟು ತೆಗೆದ ಒರಟುತನವನ್ನು ನಾವೇ ತಿರುಗಿ ತಂದಂತಾಗುತ್ತದೆ. ಸೆಲ್ಫ್ ಕ್ಲೀನ್ ಒವನ್ನಿನ ಶಾಖ ಸುಮಾರು 480 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುತ್ತದೆ, ಅದನ್ನು ಹೊರಗಿನಿಂದ ಇಳಿಸಲಾಗದು, ಕಿಟ್ಟದಲ್ಲಿರುವ ಜಿಡ್ಡು ಒಳಗೆ ಹೊತ್ತಿಕೊಳ್ಳಲೂಬಹುದು. ತೆಳ್ಳಗಿನ ಹಳೆಯ ಬೀಡು ಅಷ್ಟು ಶಾಖಕ್ಕೆ ಸೊಟ್ಟಗಾಗುವ, ಬಿರುಕು ಬಿಡುವ ಅಪಾಯವಿದೆ. ಅತಿಶಾಖಕ್ಕೆ ಸಿಕ್ಕ ಪಾತ್ರೆಯ ಮೈ ಮಂಕಾದ ಕೆಂಪುಬೂದು ಬಣ್ಣಕ್ಕೆ ತಿರುಗಿ ಪದರ ಏಳುತ್ತದೆ, ಅದರ ಮೇಲೆ ಎಣ್ಣೆಯ ಪದರ ಸರಿಯಾಗಿ ಹಿಡಿಯುವುದಿಲ್ಲ, ಮತ್ತು ಆ ಹಾನಿಯನ್ನು ಸರಿಪಡಿಸುವ ದಾರಿಯಿಲ್ಲ.

ಹಣದ ಮಾತನ್ನೂ ಆಕೆಗೆ ನೇರವಾಗಿಯೇ ಹೇಳಿದೆ. ಎಂಟನೆಯ ನಂಬರು ಅತಿ ಹೆಚ್ಚು ಮಾರಾಟವಾದ ಅಳತೆ, ಆದ್ದರಿಂದ ಇದು ಅಪರೂಪದ್ದಲ್ಲ. ಸಂಗ್ರಾಹಕರು ಹುಡುಕುವ ಹದಿಮೂರನೆಯ ನಂಬರಿನಂತಹದು ಬೇರೆ. ಇದರ ಬೆಲೆ ಇರುವುದು ದಿನನಿತ್ಯ ಒಲೆಯ ಮೇಲೆ ಕೂರುವ ಯೋಗ್ಯತೆಯಲ್ಲಿ.

ಶುಚಿಗೆ ಮುನ್ನ ಮೂರು ಪರೀಕ್ಷೆ

ಶುಚಿ ಮಾಡುವ ಶ್ರಮಕ್ಕೆ ಪಾತ್ರೆ ಯೋಗ್ಯವೇ ಎಂಬುದನ್ನು ಮೊದಲು ನೋಡಬೇಕು. ಇದರಲ್ಲಿ ಅತ್ಯಂತ ಗಂಭೀರವಾದದ್ದು ಸೀಸದ ಪ್ರಶ್ನೆ. ಸೀಸ 327 ಡಿಗ್ರಿಯಲ್ಲೇ ಕರಗುವುದರಿಂದ, ಬಂದೂಕಿನ ಗುಂಡು ಮತ್ತು ಮೀನಿನ ಗಾಳದ ತೂಕ ಎರಕ ಹೊಯ್ಯಲು ಅಮೆರಿಕದ ಎಷ್ಟೋ ಮನೆಗಳಲ್ಲಿ ಹಳೆಯ ಬೀಡಿನ ಪಾತ್ರೆಯನ್ನೇ ಮನೆಯೊಲೆಯ ಮೇಲಿಟ್ಟು ಬಳಸುತ್ತಿದ್ದರು. ಹೀಗೆ ಬಳಕೆಯಾದ ಪಾತ್ರೆಯಲ್ಲಿ ಮತ್ತೆ ಅಡುಗೆ ಮಾಡಬಾರದು, ಮತ್ತು ಅದನ್ನು ಶುಚಿಗೆಂದು ಮುಂದೆ ಹೇಳುವ ಕಾಸ್ಟಿಕ್ ದ್ರಾವಣಕ್ಕಾಗಲಿ ವಿದ್ಯುತ್ ತೊಟ್ಟಿಗಾಗಲಿ ಇಳಿಸಿದರೆ ತೊಟ್ಟಿಯೂ ಕೆಡುತ್ತದೆ, ಮುಂದೆ ಅದರಲ್ಲಿ ಮುಳುಗುವ ಪಾತ್ರೆಗಳೂ ಕೆಡುತ್ತವೆ. ಒಳತಳದ ಕೆಲವು ಜಾಗಗಳಲ್ಲಿ ಕಿಟ್ಟವನ್ನು ಲೋಹ ಕಾಣುವಷ್ಟು ಕೆರೆದು, ಸೀಸ ತಾಗಿದರೆ ಬಣ್ಣ ಬದಲಾಗುವ ಪರೀಕ್ಷಾ ಕಡ್ಡಿಯಿಂದ ಒರೆಸಿ ನೋಡಿದೆ. ಬಣ್ಣ ಬದಲಾಗಲಿಲ್ಲ. ಕಡ್ಡಿ ತಾಗಿದ ಮೇಲ್ಮೈಯನ್ನು ಮಾತ್ರ ಹೇಳುತ್ತದೆ, ಅಡಿಯದನ್ನು ಹೇಳುವುದಿಲ್ಲ. ಹಾಗಾಗಿ ಕಿಟ್ಟ ಬಿಟ್ಟ ಮೇಲೆ ಬರಿಯ ಲೋಹದ ಮೇಲೆ ಅದೇ ಪರೀಕ್ಷೆಯನ್ನು ಮತ್ತೆ ಮಾಡಿದೆ, ಆಗಲೂ ಏನೂ ಕಾಣಲಿಲ್ಲ.

ಎರಡನೆಯದು ಬಿರುಕು. ಹಿಡಿಯ ತೂತಿಗೆ ಬೆರಳು ತೂರಿಸಿ ಪಾತ್ರೆಯನ್ನು ತೂಗಾಡಬಿಟ್ಟು ಮರದ ಸೌಟಿನಿಂದ ಅಂಚಿಗೆ ತಟ್ಟಿದರೆ, ಗಟ್ಟಿಮುಟ್ಟಾದ ಬೀಡು ಗಂಟೆಯಂತೆ ನಾದ ಕೊಟ್ಟು ಸ್ವಲ್ಪ ಹೊತ್ತು ಅನುರಣಿಸುತ್ತದೆ. ಕೂದಲೆಳೆಯಷ್ಟು ಬಿರುಕಿದ್ದರೂ ಸದ್ದು ದಬ್ಬೆಂದು ಸತ್ತುಹೋಗುತ್ತದೆ. ಈ ಪಾತ್ರೆಯ ನಾದ ದಪ್ಪ ಕಿಟ್ಟದ ಕಾರಣ ಮಂದವಾಗಿತ್ತಾದರೂ ಮುರಿದಿರಲಿಲ್ಲ. ಬಿರುಕು ಸಾಮಾನ್ಯವಾಗಿ ಅಂಚಿನಿಂದ, ಎಣ್ಣೆ ಬಸಿಯುವ ಎರಡು ಮೂತಿಗಳ ಬಳಿಯಿಂದ ಹೊರಡುವುದುಂಟು. ಆ ಜಾಗಗಳನ್ನು ಭೂತಗನ್ನಡಿಯಲ್ಲಿ ನೋಡಿ ನಿಶ್ಚಿಂತನಾದೆ.

ಮೂರನೆಯದು ತಳದ ಸಮತಟ್ಟು. ಗಾಜಿನ ಹಲಗೆಯ ಮೇಲೆ ಕೂರಿಸಿ ಅಂಚನ್ನು ಒತ್ತಿದಾಗ ಉಂಗುರ ಅಲುಗಲಿಲ್ಲ. ಒಳಗಡೆ ಲೋಹದ ಅಡ್ಡಪಟ್ಟಿ ಇಟ್ಟು ನೋಡಿದಾಗ ನಡುಭಾಗ ವಿಸಿಟಿಂಗ್ ಕಾರ್ಡ್ ತೂರುವಷ್ಟು ಮಾತ್ರ ತಗ್ಗಾಗಿತ್ತು. ನಡು ಎದ್ದಿದ್ದರೆ ಎಣ್ಣೆಯೆಲ್ಲ ಅಂಚಿಗೆ ಹರಿದು ದೋಸೆಗೆ ತೊಡಕಾಗುತ್ತಿತ್ತು. ಇಷ್ಟು ಅಲ್ಪ ತಗ್ಗಿನಿಂದ ತೊಂದರೆಯಿಲ್ಲ.

ಕಿಟ್ಟ ಮತ್ತು ತುಕ್ಕು

ಕಿಟ್ಟಕ್ಕೂ ತುಕ್ಕಿಗೂ ಒಂದೇ ಮದ್ದಿಲ್ಲ. ಇದನ್ನು ಅರಿಯದೆ ಎರಡಕ್ಕೂ ಒಂದೇ ಆಯುಧ ಹಿಡಿಯುವುದರಿಂದಲೇ ಗ್ರೈಂಡರಿನವರೆಗೆ ಹೋಗುವ ಪ್ರಸಂಗ ಬರುತ್ತದೆ. ಕಿಟ್ಟವೆಂದರೆ ಸುಟ್ಟು ಬೆಸೆದುಕೊಂಡ ಎಣ್ಣೆ ಮತ್ತು ಕೊಬ್ಬು. ಅದನ್ನು ಕಾಸ್ಟಿಕ್ ಸೋಡಾ, ಎಂದರೆ ಸೋಡಿಯಂ ಹೈಡ್ರಾಕ್ಸೈಡ್, ಸಾಬೂನು ತಯಾರಾಗುವ ಕ್ರಿಯೆಯಿಂದಲೇ ಒಡೆದು ಬಿಡಿಸುತ್ತದೆ ಮತ್ತು ಕಬ್ಬಿಣವನ್ನು ಮುಟ್ಟುವುದಿಲ್ಲ. ತುಕ್ಕು ಕಬ್ಬಿಣದ ಆಕ್ಸೈಡ್. ಕಾಸ್ಟಿಕ್ ಅದಕ್ಕೆ ಏನನ್ನೂ ಮಾಡದು.

ಮುಚ್ಚಳವಿರುವ ಗಟ್ಟಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 19 ಲೀಟರ್ ತಣ್ಣೀರು ತುಂಬಿ, ಅದಕ್ಕೆ ಸುಮಾರು 450 ಗ್ರಾಂ ಕಾಸ್ಟಿಕ್ ಸೋಡಾ ಹರಳನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿ ಕರಗಿಸಿದೆ. ನೀರಿಗೆ ಹರಳು ಹಾಕಬೇಕು, ಹರಳಿನ ಮೇಲೆ ನೀರು ಸುರಿಯಬಾರದು. ಹಾಗೆ ಸುರಿದರೆ ಒಮ್ಮೆಗೇ ಹುಟ್ಟುವ ಶಾಖಕ್ಕೆ ದ್ರಾವಣ ಕುದಿದು ಮುಖಕ್ಕೆ ಸಿಡಿಯುತ್ತದೆ. ಮೊಣಕೈವರೆಗಿನ ರಬ್ಬರ್ ಕೈಗವಸು, ಕಣ್ಣು ಪೂರ್ತಿ ಮುಚ್ಚುವ ಕನ್ನಡಕ, ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಎಟುಕದ ಜಾಗ, ಇವು ಮೂರೂ ಇಲ್ಲದೆ ಈ ಕೆಲಸಕ್ಕೆ ಕೈಹಾಕಕೂಡದು. ಅಲ್ಯೂಮಿನಿಯಂ ವಸ್ತು ಇದರೊಳಗೆ ಬಿದ್ದರೆ ಲೋಹವೇ ಕರಗಿ ಹೈಡ್ರೋಜನ್ ಅನಿಲ ಹೊರಡುತ್ತದೆ, ಆದ್ದರಿಂದ ಬಕೆಟ್ಟಾಗಲಿ ಕೊಕ್ಕೆಯಾಗಲಿ ಅಲ್ಯೂಮಿನಿಯಂನದ್ದಾಗಿರಬಾರದು. ಪಾತ್ರೆಯನ್ನು ಉಕ್ಕಿನ ತಂತಿಯಿಂದ ಇಳಿಬಿಟ್ಟು, ನಡುನಡುವೆ ಮೇಲೆತ್ತಿ ಗಟ್ಟಿ ನಾರಿನ ಬ್ರಷ್ಷಿನಿಂದ ತಿಕ್ಕಿ ಮತ್ತೆ ಮುಳುಗಿಸುತ್ತ ಬಂದೆ. ಮೊದಲು ಒಳಮೈ ಬಿಟ್ಟಿತು; ಹಿಡಿಯ ಬುಡದ ಸಂದಿಯೂ ಅಕ್ಷರಗಳ ಒಳಭಾಗವೂ ಕೊನೆಯವರೆಗೆ ಹಟ ಹಿಡಿದವು. ಚಳಿಯಲ್ಲಿ ಈ ದ್ರಾವಣ ನಿಧಾನವಾಗಿ ಕೆಲಸ ಮಾಡುತ್ತದೆ. ಅವಸರಪಟ್ಟು ಚಾಕು ಅಥವಾ ಉಳಿ ಹಿಡಿಯುವ ಅಗತ್ಯವಿಲ್ಲ, ಸಮಯ ಕೊಟ್ಟರೆ ಸಾಕು.

ಕಿಟ್ಟ ಪೂರ್ತಿ ಹೋದ ಮೇಲೆ ಒಳತಳದ ತುಕ್ಕು ಬಯಲಾಯಿತು. ಇಲ್ಲಿ ನನ್ನ ಮುಂದೆ ಎರಡು ದಾರಿಗಳಿದ್ದವು. ಒಂದು, ವಿನೆಗರ್ ಮತ್ತು ನೀರನ್ನು ಸಮಪಾಲಿನಲ್ಲಿ ಬೆರೆಸಿ ಅದರಲ್ಲಿ ಅದ್ದುವುದು. ಇದು ಸುಲಭ, ಅಡುಗೆಮನೆಯಲ್ಲೇ ಸಿಗುವಂಥದು. ಆದರೆ ಆಮ್ಲಕ್ಕೆ ತುಕ್ಕೂ ಒಂದೇ ಕಬ್ಬಿಣವೂ ಒಂದೇ, ಅರ್ಧ ಗಂಟೆಗಿಂತ ಹೆಚ್ಚು ಬಿಟ್ಟರೆ ಒಳ್ಳೆಯ ಮೈಯನ್ನೂ ತಿನ್ನತೊಡಗುತ್ತದೆ. ತೆಳುವಾಗಿ ಹಬ್ಬಿದ ತುಕ್ಕಿಗೆ ಇದು ಸಾಕು. ನಮ್ಮ ಪಾತ್ರೆಯ ತುಕ್ಕು ಕೆಲವೆಡೆ ಆಳಕ್ಕಿಳಿದಿತ್ತು, ಒಳಮೈಯ ನುಣುಪನ್ನು ಉಳಿಸಿಕೊಳ್ಳುವುದೇ ಇಡೀ ಕೆಲಸದ ಉದ್ದೇಶವಾಗಿತ್ತು. ಹೀಗಾಗಿ ಎರಡನೆಯದಾದ ವಿದ್ಯುದ್ವಿಭಜನೆಯ ದಾರಿಯನ್ನು, ಎಂದರೆ ನೀರಿನಲ್ಲಿ ವಿದ್ಯುತ್ ಹರಿಸಿ ತುಕ್ಕು ಬಿಡಿಸುವುದನ್ನು, ಆರಿಸಿದೆ.

ಇನ್ನೊಂದು ಪ್ಲಾಸ್ಟಿಕ್ ತೊಟ್ಟಿಯಲ್ಲಿ ನೀರು ತುಂಬಿ, ನಾಲ್ಕು ಲೀಟರಿಗೆ ಒಂದು ದೊಡ್ಡ ಚಮಚದಂತೆ ವಾಷಿಂಗ್ ಸೋಡಾ ಕರಗಿಸಿ, ಒಂದು ಕಡೆ ಸ್ಕಿಲ್ಲೆಟ್ಟನ್ನೂ ಎದುರಿಗೆ ಅದಕ್ಕೆ ತಾಗದಂತೆ ಸಾದಾ ಉಕ್ಕಿನ ತಗಡನ್ನೂ ನಿಲ್ಲಿಸಿದೆ. ಕಾರಿನ ಬ್ಯಾಟರಿಗೆ ಬಳಸುವ 12 ವೋಲ್ಟಿನ ಹಳೆಯ ಮಾದರಿಯ ಚಾರ್ಜರಿನ ಋಣ ತಂತಿ ಪಾತ್ರೆಗೆ, ಧನ ತಂತಿ ತಗಡಿಗೆ. ಇದು ಅದಲುಬದಲಾದರೆ ಕರಗುವುದು ತಗಡಲ್ಲ, ಪಾತ್ರೆ. ಆದ್ದರಿಂದ ಪ್ಲಗ್ ಹಾಕುವ ಮುನ್ನ ಪ್ರತಿಸಲವೂ ಬೆರಳಿಟ್ಟು ನೋಡಿಕೊಳ್ಳಬೇಕು. ತಗಡಿನ ಜಾಗದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಇಡಲೇಬಾರದು: ಅದರಲ್ಲಿರುವ ಕ್ರೋಮಿಯಂ ವಿಷಕಾರಿಯಾದ ಹೆಕ್ಸಾವೇಲೆಂಟ್ ರೂಪದಲ್ಲಿ ನೀರಿಗೆ ಸೇರುತ್ತದೆ. ಪಾತ್ರೆಯ ಮೈಯಿಂದ ಏಳುವ ಸಣ್ಣ ಗುಳ್ಳೆಗಳು ಹೈಡ್ರೋಜನ್, ಕಿಡಿ ತಾಗಿದರೆ ಹೊತ್ತಿಕೊಳ್ಳುವಂಥದು. ಹಾಗಾಗಿ ತೊಟ್ಟಿ ಗಾಳಿಯಾಡುವ ಹೊರಗಿನ ಜಾಗದಲ್ಲಿರಬೇಕು, ಕೈಹಾಕುವ ಮುನ್ನ ವಿದ್ಯುತ್ ಕಡಿದಿರಬೇಕು. ಈ ಕ್ರಿಯೆ ತಗಡಿಗೆ ಎದುರಾಗಿರುವ ಮೈಯ ಮೇಲೆ ಚೆನ್ನಾಗಿ ನಡೆಯುವುದರಿಂದ ಪಾತ್ರೆಯನ್ನು ಆಗಾಗ ತಿರುಗಿಸಿಟ್ಟೆ. ಕಿತ್ತಳೆ ತುಕ್ಕು ಸಡಿಲಗೊಂಡು ಕಪ್ಪು ಕೆಸರಾಯಿತು. ಬ್ರಷ್ಷಿನಲ್ಲಿ ಉಜ್ಜಿದರೆ ನೀರಿನೊಂದಿಗೆ ಹರಿದುಹೋಯಿತು. ಈ ವಿಧಾನದಲ್ಲಿ ತುಕ್ಕು ಹೋಗುವುದು, ಕಬ್ಬಿಣ ಉಳಿಯುವುದು; ನಾನು ಇದನ್ನು ಮೆಚ್ಚುವುದಕ್ಕೆ ಅದೇ ಕಾರಣ.

ಅಡಿಯಿಂದ ಬಂದ ಲೋಹ ಮೋಡದ ಬೂದು ಬಣ್ಣದ್ದಾಗಿತ್ತು. ಒಳಮೈಯ ವೃತ್ತಗೆರೆಗಳು ಅಂಚಿನಿಂದ ನಡುವಿನವರೆಗೆ ಹಾಗೆಯೇ ಉಳಿದಿದ್ದವು; ಈರಿಯ ಯಾರೋ ಒಬ್ಬ ಕೆಲಸಗಾರನ ಕೈಕೆಲಸ ಅಷ್ಟು ದಶಕಗಳ ಕಿಟ್ಟದ ಅಡಿಯಲ್ಲಿ ಕೆಡದೆ ಇದ್ದದ್ದು ನನಗೆ ನಿಜಕ್ಕೂ ಸಂತೋಷದ ಸಂಗತಿ. ತುಕ್ಕು ಆಳಕ್ಕಿಳಿದಿದ್ದ ಎರಡು ಕಡೆ ಸಾಸಿವೆ ಕಾಳಿಗಿಂತ ಚಿಕ್ಕ ಗುಣಿಗಳು ಉಳಿದವು. ಹೊರತಳದಲ್ಲಿ, ಮುದ್ರೆಯ ಒಂದು ಬದಿಗೆ, ಇನ್ನೂ ಒರಟಾದ ಗುಣಿಗಳ ಒಂದು ಪಟ್ಟಿಯಿತ್ತು. ಕಲ್ಲಿದ್ದಲಿನ ಒಲೆಯ ಹೊಗೆಯಲ್ಲಿರುವ ಗಂಧಕದಿಂದ ಆಗುವ ಸವೆತವೆಂದು ಸಂಗ್ರಾಹಕರು ಇದನ್ನು ಗುರುತಿಸುತ್ತಾರೆ. ಇವನ್ನು ಮುಚ್ಚಲು ಯತ್ನಿಸಲಿಲ್ಲ. ಗುಣಿಯನ್ನು ಅಳಿಸಬೇಕೆಂದರೆ ಸುತ್ತಲಿನ ಒಳ್ಳೆಯ ಲೋಹವನ್ನು ಅದರ ಆಳಕ್ಕೆ ಇಳಿಸಬೇಕು. ಒಳಗಿನವು ಎಣ್ಣೆಯ ಪದರದಿಂದ ತಾವಾಗಿಯೇ ತುಂಬುವಷ್ಟು ಚಿಕ್ಕವು, ಹೊರಗಿನವು ಅಡುಗೆಗೆ ಸಂಬಂಧಿಸಿದವಲ್ಲ.

ಪಳಗಿಸುವುದು

ಬರಿಯ ಬೀಡಿಗೆ ಗಾಳಿ ಮತ್ತು ತೇವ ಸೇರಿದರೆ ಕೆಲವೇ ನಿಮಿಷಗಳಲ್ಲಿ ಕಿತ್ತಳೆ ಛಾಯೆ ಏಳುತ್ತದೆ. ಬಿಸಿನೀರಿನಲ್ಲಿ ತೊಳೆದರೆ ಇನ್ನೂ ಬೇಗ. ಆದ್ದರಿಂದ ಕೊನೆಯ ತೊಳೆತವನ್ನು ತಣ್ಣೀರಿನಲ್ಲಿ ಮಾಡಿ, ಕೂಡಲೇ ಬಟ್ಟೆಯಿಂದ ಒರೆಸಿ, 95 ಡಿಗ್ರಿ ಸೆಲ್ಸಿಯಸ್‌ಗೆ ಕಾದಿದ್ದ ಒವನ್ನಿನೊಳಗೆ ಇಟ್ಟು ಸಂಪೂರ್ಣ ಒಣಗಿಸಿದೆ.

ಯಾವ ಎಣ್ಣೆ ಎಂಬ ವಿಷಯದಲ್ಲಿ ಮನೆಯೊಡತಿಗೂ ನನಗೂ ಒಂದಿಷ್ಟು ಚರ್ಚೆಯಾಯಿತು. ಅವರ ಮನೆಯಲ್ಲಿ ದೋಸೆ ಕಾವಲಿ ಪಳಗಿಸುವುದಕ್ಕೆ ಕೊಬ್ಬರಿ ಎಣ್ಣೆಯೋ ತುಪ್ಪವೋ ಹಚ್ಚಿ ಈರುಳ್ಳಿಯಿಂದ ಉಜ್ಜುವ ರೂಢಿ. ದಿನವೂ ಬಳಸುವ ಕಾವಲಿಗೆ ಅದು ನಡೆಯುತ್ತದೆ, ಏಕೆಂದರೆ ಅಲ್ಲಿ ಪ್ರತಿದಿನದ ಎಣ್ಣೆಯೇ ಕೆಲಸ ಮಾಡುತ್ತಿರುತ್ತದೆ. ಬರಿಯ ಲೋಹದ ಮೇಲೆ ಮೊದಲ ಪದರ ಕಟ್ಟುವುದು ಬೇರೆಯೇ ಕೆಲಸ. ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಅಪರ್ಯಾಪ್ತ ಬಂಧಗಳಿದ್ದರೆ ಮಾತ್ರ ಅವು ಶಾಖದಲ್ಲಿ ಆಮ್ಲಜನಕದೊಂದಿಗೆ ಸೇರಿ ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪದರವಾಗುತ್ತವೆ. ಈ ಬಂಧಗಳ ಪ್ರಮಾಣವನ್ನು ಸೂಚಿಸುವ ಅಯೋಡಿನ್ ಮೌಲ್ಯ ಕೊಬ್ಬರಿ ಎಣ್ಣೆಗೆ ಸುಮಾರು 10, ಕಡಲೆಕಾಯಿ ಎಣ್ಣೆಗೆ 90ರ ಆಸುಪಾಸು, ಎಳ್ಳೆಣ್ಣೆಗೆ 110ರ ಆಸುಪಾಸು, ಸೋಯಾ ಎಣ್ಣೆಗೆ 130ರ ಆಸುಪಾಸು, ಅಗಸೆ ಎಣ್ಣೆಗೆ 180ರ ಆಸುಪಾಸು. ಕೊಬ್ಬರಿ ಎಣ್ಣೆ ಪದರ ಕಟ್ಟಲಾರದು ಎಂಬುದು ಈ ಅಂಕಿಯಿಂದಲೇ ತಿಳಿಯುತ್ತದೆ. ಹಾಗೆಂದು ಅತಿ ಹೆಚ್ಚು ಮೌಲ್ಯದ ಅಗಸೆ ಎಣ್ಣೆಯೇ ಶ್ರೇಷ್ಠವೆಂದು ತಿಳಿಯಬೇಕಾಗಿಲ್ಲ: ಅದು ಕಟ್ಟುವ ಪದರ ನೋಡಲು ಹೊಳೆಯುತ್ತದೆ, ಆದರೆ ಬಿರುಸಾಗಿದ್ದು ಬಳಕೆಯಲ್ಲಿ ಚಕ್ಕೆಯೇಳುವ ಸ್ವಭಾವದ್ದು. ಬೆಲೆಯೂ ಹೆಚ್ಚು. ಮಧ್ಯಮ ಮೌಲ್ಯದ ಸಾಧಾರಣ ಅಡುಗೆ ಎಣ್ಣೆಯೇ ಬಾಳಿಕೆಗೆ ಮೇಲೆಂಬುದು ನನ್ನ ಅಭಿಪ್ರಾಯ, ಈ ಪಾತ್ರೆಗೆ ಕ್ಯಾನೋಲಾ ಎಣ್ಣೆಯನ್ನು ಬಳಸಿದೆ.

ಕೈ ತಡೆಯುವಷ್ಟು ಬೆಚ್ಚಗಿದ್ದ ಪಾತ್ರೆಗೆ ಒಳಗೆ, ಹೊರಗೆ, ಹಿಡಿಯ ತೂತಿನೊಳಗೂ ಎಣ್ಣೆ ಸವರಿ, ಆಮೇಲೆ ಒಣ ಬಟ್ಟೆಯಿಂದ ಎಣ್ಣೆ ಹಚ್ಚಿಯೇ ಇಲ್ಲವೇನೋ ಎಂಬಷ್ಟು ಒರೆಸಿ ತೆಗೆದೆ. ಎಲ್ಲರೂ ಎಡವುವುದು ಇಲ್ಲಿಯೇ. ಕಣ್ಣಿಗೆ ಕಾಣುವಷ್ಟು ಎಣ್ಣೆ ಉಳಿದರೆ ಅದು ಶಾಖದಲ್ಲಿ ಹನಿಗಟ್ಟಿ, ಅಂಟಂಟಾದ ಕಂದು ಮಚ್ಚೆಗಳಾಗಿ ನಿಲ್ಲುತ್ತದೆ. ಒರೆಸಿದ ಪಾತ್ರೆಯನ್ನು ಬೋರಲು ಹಾಕಿ 230 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿ, ಒವನ್ನಿನೊಳಗೇ ತಣಿಯಲು ಬಿಟ್ಟೆ. ಮೊದಲ ಪದರಕ್ಕೆ ಬೂದು ಲೋಹ ಕಂಚಿನ ಕಂದಾಯಿತು. ಇದೇ ಕ್ರಮದಲ್ಲಿ ಇನ್ನೆರಡು ಪದರಗಳಾದ ಮೇಲೆ ಕಡುಗಂದು. ಪೂರ್ತಿ ಕಪ್ಪಾಗಲಿಲ್ಲ, ಆಗಬೇಕಾಗಿಯೂ ಇಲ್ಲ. ಆ ಕಪ್ಪು ಅಡುಗೆಯಿಂದಲೇ ಬರಬೇಕಾದದ್ದು.

ಒಡತಿಯ ಕೈಗೆ

ಹಿಂತಿರುಗಿಸುವಾಗ ಅವರ ಒಲೆಯನ್ನು ಗಮನಕ್ಕೆ ತಂದುಕೊಳ್ಳಬೇಕಾಯಿತು. ಅದು ಗಾಜಿನ ಮೇಲ್ಮೈಯ ವಿದ್ಯುತ್ ಒಲೆ. ಉಂಗುರವಿರುವ ತಳ ಗಾಜಿಗೆ ತಾಗುವುದು ಉಂಗುರದಲ್ಲಿ ಮಾತ್ರ, ನಡುವೆ ಗಾಳಿಯ ತೆಳು ಪದರ ಉಳಿಯುತ್ತದೆ. ಬೀಡು ಅಲ್ಯೂಮಿನಿಯಂಗೆ ಹೋಲಿಸಿದರೆ ಶಾಖವನ್ನು ಬಹಳ ನಿಧಾನವಾಗಿ ಹರಡುವ ಲೋಹ. ಕಾಯಲು ತಡವಾಯಿತೆಂದು ಉರಿಯನ್ನು ಪೂರ್ತಿ ಏರಿಸಿದರೆ ತೆಳ್ಳಗಿನ ತಳ ಸೊಟ್ಟಗಾಗುವ ಅಪಾಯವಿದೆ. ಕಡಿಮೆಯಿಂದ ಮಧ್ಯಮ ಉರಿಯಲ್ಲಿ ಸಾಕಷ್ಟು ಹೊತ್ತು ಕಾಯಿಸುವುದು, ಸಾಧ್ಯವಾದಾಗ ಹಿತ್ತಲಿನ ಗ್ಯಾಸ್ ಒಲೆಯಲ್ಲಿ ಬಳಸುವುದು ಎಂಬ ಒಪ್ಪಂದಕ್ಕೆ ಬಂದೆವು. ಹುಣಸೆ, ಟೊಮೇಟೊ ಹಾಕಿ ಕುದಿಸುವ ಸಾರು, ಗೊಜ್ಜುಗಳಿಗೆ ಈ ಪಾತ್ರೆ ಬೇಡವೆಂದೂ, ತೊಳೆಯಲು ಸಾಧಾರಣ ಪಾತ್ರೆ ಸೋಪನ್ನು ಹೆದರದೆ ಬಳಸಬಹುದೆಂದೂ ಹೇಳಿದೆ. ಸೋಪು ಮುಟ್ಟಿಸಬಾರದೆಂಬ ಹಳೆಯ ಮಾತು ಕಾಸ್ಟಿಕ್ ಅಂಶ ಹೆಚ್ಚಿದ್ದ ಮನೆಸಾಬೂನಿನ ಕಾಲದ್ದು.

ಇಷ್ಟೆಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಅಕ್ಕಿರೊಟ್ಟಿಯ ವಿಷಯದಲ್ಲಿ ಬೇಕಿತ್ತು. ಸ್ಕಿಲ್ಲೆಟ್ಟಿನ ಗೋಡೆ ಎತ್ತರವಾದ್ದರಿಂದ ದೋಸೆ ಮಗುಚುವುದಕ್ಕೆ ಅದು ಅಷ್ಟು ಅನುಕೂಲವಲ್ಲ, ಆದರೆ ಬಾಣಲೆಯಲ್ಲೇ ತಟ್ಟಿ ನಡುವೆ ತೂತು ಮಾಡಿ ಎಣ್ಣೆ ಬಿಡುವ ಅಕ್ಕಿರೊಟ್ಟಿಗೆ ಹೇಳಿ ಮಾಡಿಸಿದಂತಿದೆ. ತೊಡಕಿರುವುದು ಎರಡನೆಯ ರೊಟ್ಟಿಯಲ್ಲಿ. ಕಾದ ಬಾಣಲೆಯಲ್ಲಿ ಹಿಟ್ಟು ತಟ್ಟಲಾಗದೆಂದು ನಮ್ಮ ಮನೆಗಳಲ್ಲಿ ಅದನ್ನು ಬೋರಲು ಹಿಡಿದು ಬೆನ್ನಿನ ಮೇಲೆ ತಣ್ಣೀರು ಬಿಟ್ಟು ಆರಿಸುವುದುಂಟು. ಸಾಧಾರಣ ಕಬ್ಬಿಣದ ಬಾಣಲೆ ಅದನ್ನು ತಾಳಿಕೊಳ್ಳುತ್ತದೆ. ಇಂಗಾಲದ ಅಂಶ ನೂರಕ್ಕೆ ಮೂರರ ಆಸುಪಾಸಿನಲ್ಲಿದ್ದು ಬಿರುಸಾಗಿರುವ ಬೀಡು ತಾಳಿಕೊಳ್ಳುವುದಿಲ್ಲ, ಒಂದೇ ಸಲಕ್ಕೆ ಅಂಚಿನಿಂದ ನಡುವಿನವರೆಗೆ ಸೀಳಬಹುದು. ಹಾಗಾಗಿ ಮೊದಲ ರೊಟ್ಟಿಯನ್ನು ಮಾತ್ರ ತಣ್ಣನೆಯ ಪಾತ್ರೆಯಲ್ಲೇ ತಟ್ಟಿ ಸಣ್ಣ ಉರಿಗೆ ಇಡುವುದು, ಮುಂದಿನವನ್ನು ಎಣ್ಣೆ ಸವರಿದ ಬಾಳೆಎಲೆ ಅಥವಾ ಬಟರ್ ಪೇಪರಿನ ಮೇಲೆ ತಟ್ಟಿ ಬಿಸಿ ಪಾತ್ರೆಗೆ ಬೋರಲು ಹಾಕಿ ಎಲೆ ಬಿಡಿಸುವುದು ಎಂದು ಮಾಡಿಕೊಂಡಿದ್ದಾರೆ. ತಿಂಗಳುಗಳ ನಂತರ ನೋಡಿದಾಗ ಒಳತಳದ ಕಡುಗಂದು ಕಪ್ಪಿಗೆ ತಿರುಗಿತ್ತು, ತುಕ್ಕಿನ ಎರಡು ಜಾಗದ ಗುಣಿಗಳು ಬೆರಳಿಗೆ ತಾಗದಷ್ಟು ತುಂಬಿದ್ದವು. ಒಂದು ಬದಿಯ ಗೋಡೆಯಲ್ಲಿ ಮಾತ್ರ ಪದರ ಸ್ವಲ್ಪ ತೆಳುವಾಗಿದ್ದು, ಅಲ್ಲಿಗೆ ಇನ್ನೊಂದು ಸಲ ಎಣ್ಣೆ ಸವರಿ ಒವನ್ನಿನಲ್ಲಿ ಕಾಯಿಸಲು ತಿಳಿಸಿದೆ.